ಅಡ್ಸಾರ್ಪ್ಷನ್‌ಗೆ ‘ಹೊರಹೀರಿಕೆ’ ಸರಿಯೇ?

ಎಲ್ಲರಿಗೂ ನಮಸ್ಕಾರ. ಹಾಸನದ ನಮ್ಮ ಕಾಲೇಜಿನ ಮಕ್ಕಳಿಗಾಗಿ ಕಾರ್ಬನ್ ಮಾನಾಕ್ಸೈಡ್ ತಯಾರಿಕೆಯ ಬಗ್ಗೆ ಕನ್ನಡದಲ್ಲಿ ಪಾಠ ಬರೆಯುತ್ತಿದ್ದೇನೆ. ಅನಿಲ ಘನವಸ್ತುವಿನ ಮೇಲ್ಮೈಗೆ ಅಂಟುವ ‘ಅಡ್ಸಾರ್ಪ್ಷನ್’ ಎಂಬುದಕ್ಕೆ ಒಪ್ಪುವ ಕನ್ನಡ ಪದ ಬೇಕಾಗಿದೆ. ತಯಾರಿಕೆಯ ಭಾಗಕ್ಕೆ ಪದಗಳ ತೊಂದರೆ ಇಲ್ಲ. ಕೆಂಪಗೆ ಕಾದ ಕೋಕ್ ಮೇಲೆ ಹಬೆ ಹಾಯಿಸಿದರೆ ಜಲಾನಿಲ, ಅಂದರೆ ಮಾನಾಕ್ಸೈಡ್ ಮತ್ತು ಹೈಡ್ರೋಜನ್‌ಗಳ ಬೆರಕೆ. ಇಲ್ಲವೇ ನೈಸರ್ಗಿಕ ಅನಿಲಕ್ಕೆ ಹಬೆ ಬೆರೆಸಿ 800–900 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಕಲ್ ಕ್ರಿಯಾವರ್ಧಕದ ಮೇಲೆ ಹಾಯಿಸುತ್ತಾರೆ. ಎರಡರಲ್ಲೂ ಹೈಡ್ರೋಜನ್ ಬೆರೆತೇ ಬರುತ್ತದೆ.

ತೊಡಕಿರುವುದು ಬೇರ್ಪಡಿಸುವಲ್ಲಿ. ವಿಪರೀತ ತಣಿಸಿ ದ್ರವವಾಗಿಸಿ ಬಟ್ಟಿ ಇಳಿಸಬಹುದು. ಆದರೆ ನೈಟ್ರೋಜನ್ ಸೇರಿದ್ದರೆ ಕಷ್ಟ: ಅದು ಕುದಿಯುವುದು −196ರಲ್ಲಿ, ಮಾನಾಕ್ಸೈಡ್ −191.5ರಲ್ಲಿ. ಆಗ ತಾಮ್ರ ನೆರವಿಗೆ ಬರುತ್ತದೆ. ಕ್ಯುಪ್ರಸ್ ಲವಣದ (ತಾಮ್ರದ ಒಂದು ಬಗೆಯ ಲವಣ) ದ್ರಾವಣದೊಳಕ್ಕೆ ಮಾನಾಕ್ಸೈಡ್ ಇಳಿಯುತ್ತದೆ, ಕಾಯಿಸಿದರೆ ಹೊರಬರುತ್ತದೆ. ಇದು ಅಬ್ಸಾರ್ಪ್ಷನ್, ‘ಹೀರಿಕೆ’ ಚೆನ್ನಾಗಿಯೇ ಒಪ್ಪುತ್ತದೆ. ಅದೇ ತಾಮ್ರವನ್ನು ಜಿಯೋಲೈಟ್ ಎಂಬ ರಂಧ್ರಭರಿತ ಖನಿಜದ ಗುಳಿಗೆಗಳಿಗೆ ಸೇರಿಸಿ ಗೋಪುರದಲ್ಲಿ ತುಂಬಿದರೆ, ಒತ್ತಡ ಏರಿಸಿದಾಗ ಅನಿಲ ಗುಳಿಗೆಯ ಸಣ್ಣ ಸಣ್ಣ ರಂಧ್ರಗಳ ಗೋಡೆಗೆ ಅಂಟುತ್ತದೆ, ಇಳಿಸಿದಾಗ ಬಿಡುತ್ತದೆ. ಇದು ಅಡ್ಸಾರ್ಪ್ಷನ್.

ಇದಕ್ಕೆ ‘ಹೊರಹೀರಿಕೆ’ ಎನ್ನಲು ನನಗೆ ಮನಸ್ಸು ಬರುತ್ತಿಲ್ಲ. ಹೀರುವುದೆಂದರೆ ಒಳಕ್ಕೆಳೆದುಕೊಳ್ಳುವುದು. ಮಕ್ಕಳು ‘ಹೊರ’ವನ್ನು ‘ಹೊರಕ್ಕೆ’ ಎಂದು ಓದಿ, ಹೀರಿದ್ದನ್ನು ಹೊರಹಾಕುವುದು ಎಂದುಕೊಳ್ಳುತ್ತಾರೆ. ಇನ್ನೊಂದು ಪದವಾದ ‘ಅಧಿಶೋಷಣೆ’ ಎಂದರೆ ಕಿವಿಗೆ ಬೀಳುವುದು ಶೋಷಣೆಯೇ.

ಸಕಲೇಶಪುರದ ಕಡೆ ಕಾಫಿ ಗೋದಾಮಿನಲ್ಲಿ ಗೊಬ್ಬರದ ಚೀಲ, ಡೀಸೆಲ್ ಕ್ಯಾನ್ ಇಡಲು ಬಿಡುವುದಿಲ್ಲ. ‘ಬೀಜ ವಾಸನೆ ಹಿಡಿಯುತ್ತೆ’ ಅನ್ನುತ್ತಾರೆ, ‘ಹೀರುತ್ತೆ’ ಅನ್ನುವುದಿಲ್ಲ. ಈ ‘ಹಿಡಿ’ ನನಗೆ ತುಂಬ ಹಿಡಿಸಿದೆ. ಎದುರಿಗೆ ‘ಬಿಡು’ ತಾನಾಗಿ ಬರುವುದರಿಂದ, ಅಂಟಿದ್ದು ಬಿಟ್ಟುಹೋಗುವ ಡಿಸಾರ್ಪ್ಷನ್‌ಗೂ ಬೇರೆ ಪದ ಹುಡುಕಬೇಕಿಲ್ಲ. ವಾಕ್ಯದೊಳಗೆ ಸಲೀಸಾಗಿ ಕೂರುತ್ತದೆ: ‘ಗುಳಿಗೆ ಮಾನಾಕ್ಸೈಡನ್ನು ಹಿಡಿಯುತ್ತದೆ, ಹೈಡ್ರೋಜನ್ ಮುಂದೆ ಹೋಗುತ್ತದೆ.’

ನಾಮಪದಕ್ಕೆ ಬಂದಾಗ ಮಾತ್ರ ಕೆಡುತ್ತದೆ. ‘ಹಿಡಿಕೆ’ ಎಂದರೆ ಕತ್ತಿಯದು, ‘ಹಿಡಿತ’ ಅಧಿಕಾರದ್ದು. ‘ಮೈಹಿಡಿತ’ ಎಂದರೆ ಮೈ ಹಿಡಿದುಕೊಂಡ ನೋವು ನೆನಪಾಗುತ್ತದೆ. ‘ಮೇಲಂಟು’ ಹೇಗೆ? ಅಂಟು ಎಂದರೆ ಗೋಂದು ಎಂಬ ಅನುಮಾನ ನನಗಿದೆ.

ಇನ್ನೊಂದು ಪ್ರಶ್ನೆ. ದ್ರಾವಣದಲ್ಲೂ ಗುಳಿಗೆಯಲ್ಲೂ ಮಾನಾಕ್ಸೈಡನ್ನು ಕಟ್ಟಿಹಾಕುವುದು ತಾಮ್ರವೇ. ಹಾಗಿರುವಾಗ ಒಂದಕ್ಕೆ ‘ಹೀರು’, ಇನ್ನೊಂದಕ್ಕೆ ‘ಹಿಡಿ’ ಎಂದು ಬೇರೆ ಮಾಡುವುದು ಸರಿಯೇ? ಗೊಬ್ಬರದ ಕಾರ್ಖಾನೆಯಲ್ಲೋ ರಿಫೈನರಿಯಲ್ಲೋ ದುಡಿದವರು ಬಳಗದಲ್ಲಿದ್ದರೆ, ಪಾಳಿಯಲ್ಲಿ ಕನ್ನಡದಲ್ಲಿ ಮಾತಾಡುವಾಗ ಏನನ್ನುತ್ತಿದ್ದಿರಿ ಎಂದು ದಯವಿಟ್ಟು ತಿಳಿಸಿ.