ಬ್ರೆಂಟ್ ಕಚ್ಚಾ ತೈಲ ಇಳಿದರೂ ಬಂಕಿನಲ್ಲಿ ಡೀಸೆಲ್ ಯಾಕೆ ಇಳಿಯಲ್ಲ?

ಪ್ರಶ್ನೆ – ಸಿದ್ದಾಪುರ, ಕೊಡಗು
ಗಿಡ ಹೂ ಬಿಡಲು ಬೇಕಾದ ಹೂಮಳೆ ಕೈಕೊಟ್ಟರೆ ಫೆಬ್ರವರಿ–ಮಾರ್ಚ್‌ನಲ್ಲಿ ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಯಿಸಲೇಬೇಕು. ಪಂಪಿನ ಡೀಸೆಲ್ ಖರ್ಚು ಈಗಲೇ ಲೆಕ್ಕ ಹಾಕಬೇಕಿದೆ. ಬ್ರೆಂಟ್ ಬ್ಯಾರಲಿಗೆ 10 ಡಾಲರ್ ಇಳಿದರೆ ಲೀಟರಿಗೆ ಎಷ್ಟು ಇಳಿಯಬೇಕು? ಬ್ರೆಂಟ್ ದರ ಕಟ್ಟುವುದು ತೈಲ ರಫ್ತು ದೇಶಗಳ ಕೂಟವಾದ ಒಪೆಕ್ ದೇಶಗಳೇ?

ಉತ್ತರ 1 – ಮಡಿಕೇರಿ
ಒಂದು ಬ್ಯಾರಲ್ ಅಂದರೆ 159 ಲೀಟರ್. ಡಾಲರ್‌ಗೆ 85 ರೂ. ಎಂದು ಹಿಡಿದರೆ 10 ಡಾಲರ್‌ಗೆ 850 ರೂ.; ಲೀಟರಿಗೆ ಸುಮಾರು 5.35 ರೂ. ಆದರೆ ಇದು ಕಚ್ಚಾ ತೈಲದ ಲೆಕ್ಕ. ಡೀಸೆಲ್‌ಗೆ ಅದರದೇ ಮಾರುಕಟ್ಟೆ ಇದೆ, ಸಿಂಗಾಪುರ ಮತ್ತು ಕೊಲ್ಲಿಯ ದರಗಳನ್ನು ನೋಡಬೇಕು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಕಚ್ಚಾ ತೈಲಕ್ಕಿಂತ ಡೀಸೆಲ್ ಬಹಳ ಜಾಸ್ತಿ ಏರಿತು, ಎರಡರ ಅಂತರ ಹಿಗ್ಗಿತು.

ಇನ್ನು ತೆರಿಗೆ. ಕೇಂದ್ರದ ಅಬಕಾರಿ ಸುಂಕ ಲೀಟರಿಗೆ ಇಂತಿಷ್ಟು ರೂಪಾಯಿ ಎಂದು ನಿಗದಿ, ಕಚ್ಚಾ ತೈಲ ಇಳಿದರೂ ಅದು ಇಳಿಯುವುದಿಲ್ಲ. 2020ರ ಮೇ ತಿಂಗಳಲ್ಲಿ ತೈಲ ಕುಸಿದಾಗ ಡೀಸೆಲ್ ಮೇಲೆ ಒಂದೇ ಸಲ 13 ರೂ. ಸುಂಕ ಏರಿಸಿದರು, ಇಳಿಕೆ ಅಲ್ಲೇ ಕರಗಿತು. ರಾಜ್ಯದ ಮಾರಾಟ ತೆರಿಗೆ ಮಾತ್ರ ಶೇಕಡಾ ಲೆಕ್ಕ. ಅದರ ಮೇಲೆ ಬಂಕಿನ ಕಮಿಷನ್, ಟ್ಯಾಂಕರ್ ಬಾಡಿಗೆ. ನಮ್ಮ ಜಿಲ್ಲೆಗೆ ರೈಲೇ ಇಲ್ಲ, ಎಲ್ಲವೂ ಘಾಟಿ ಹತ್ತಿಯೋ ಬಯಲಿನಿಂದಲೋ ಲಾರಿಯಲ್ಲೇ ಬರಬೇಕು.

ಉತ್ತರ 2 – ವಿರಾಜಪೇಟೆ
ಒಪೆಕ್ ಪ್ರಶ್ನೆಗೆ: ಇಲ್ಲ, ಈಗ ಅವರು ಕಟ್ಟುವುದು ಉತ್ಪಾದನೆಯ ಪ್ರಮಾಣ, ದರವನ್ನಲ್ಲ. ಮೊದಲು ಪಾಶ್ಚಾತ್ಯ ದೊಡ್ಡ ಕಂಪನಿಗಳೇ ದರ ಘೋಷಿಸುತ್ತಿದ್ದವು. ಅವು ದರ ಇಳಿಸಿದ್ದಕ್ಕೇ 1960ರಲ್ಲಿ ಬಾಗ್ದಾದ್‌ನಲ್ಲಿ ಐದು ದೇಶಗಳು ಸೇರಿ ಒಪೆಕ್ ಕಟ್ಟಿದವು. 1973–74ರಲ್ಲಿ ದರ ಕಟ್ಟುವ ಹಿಡಿತ ಒಪೆಕ್ ಕೈಗೆ ಬಂದು, ಬ್ಯಾರಲ್ 3 ಡಾಲರ್‌ನಿಂದ 12ರ ಹತ್ತಿರಕ್ಕೆ ಹೋಯಿತು. ಆ ಹಿಡಿತ 1986ರ ದರ ಕುಸಿತದಲ್ಲಿ ಸಡಿಲವಾಯಿತು.

ಟಿವಿಯಲ್ಲಿ ಕಾಣುವ ಬ್ರೆಂಟ್, ಲಂಡನ್‌ನಲ್ಲಿ 1988ರಿಂದ ನಡೆಯುತ್ತಿರುವ ವಾಯಿದಾ ವ್ಯಾಪಾರದ (ಮುಂದೆ ಕೊಡುವ ಸರಕಿಗೆ ಇಂದೇ ದರ ಕಟ್ಟುವ ವ್ಯಾಪಾರ) ದರ. ನಿಜವಾದ ಹಡಗಿನ ಸರಕಿಗೆ ‘ಡೇಟೆಡ್ ಬ್ರೆಂಟ್’ ಬೇರೆ. ಅದನ್ನು ತೈಲ ದರಗಳನ್ನು ವರದಿ ಮಾಡುವ ಪ್ಲ್ಯಾಟ್ಸ್ ಸಂಸ್ಥೆ ಲಂಡನ್ ಸಮಯ ಸಂಜೆ 4:30ಕ್ಕೆ, ಅಂದಿನ ಕೊಳ್ಳುವ–ಮಾರುವ ಬೇಡಿಕೆಗಳನ್ನು ನೋಡಿ ಅಂದಾಜಿಸುತ್ತದೆ. ಸೌದಿ ಏಷ್ಯಾಕ್ಕೆ ಮಾರುವಾಗ ಒಮಾನ್–ದುಬೈ ಕಚ್ಚಾ ತೈಲ ದರದ ಸರಾಸರಿಗೆ ಪ್ರತಿ ತಿಂಗಳೂ ಒಂದಿಷ್ಟು ಕೂಡಿಸಿ ಇಲ್ಲವೇ ಕಳೆದು ಹೇಳುತ್ತದೆ.

ಪ್ರಶ್ನೆ ಕೇಳಿದವರು
ಹಾಗಾದರೆ ಬಜೆಟ್‌ಗೆ ಯಾವ ದರ ಹಿಡಿಯಲಿ ಸರ್?

ಉತ್ತರ 1
ಜನವರಿ ಕೊನೆಯ ಬಂಕ್ ದರವನ್ನೇ ಹಿಡಿಯಿರಿ. 2017ರ ಜೂನ್‌ನಿಂದ ದಿನವೂ ಬದಲಿಸುವ ಪದ್ಧತಿ ಇದ್ದರೂ, ಕಂಪನಿಗಳು ತಿಂಗಳುಗಟ್ಟಲೆ ದರ ಮುಟ್ಟದೆ ಇದ್ದದ್ದುಂಟು. ಸುಂಕ ಬದಲಾದರೆ ಮಾತ್ರ ಒಂದೇ ರಾತ್ರಿಯಲ್ಲಿ ಲೆಕ್ಕ ತಪ್ಪುತ್ತದೆ, ಅದಕ್ಕೆ ಲೀಟರಿಗೆ 3–4 ರೂ. ಹೆಚ್ಚಿಗೆ ಇಟ್ಟುಕೊಳ್ಳಿ.