ರಾಜರತ್ನಂ ಅವರನ್ನ ದೊಡ್ಡವರಾದ್ಮೇಲೆ ಮತ್ತೆ ಓದಿದೋರು ಇದೀರಾ?

ಓದುಹುಳ:
ತುತ್ತೂರಿ ಪದ್ಯ ಬಾಯಿಗೆ ಬರ್ದೇ ಇರೋ ಕನ್ನಡದೋರು ಕಮ್ಮಿ ಅನ್ಕೋತೀನಿ, ನಾಯಿಮರಿನೂ ಅಷ್ಟೇ. ಈಗ ಅಕ್ಕನ ಮಗಳಿಗೆ ಹೇಳ್ಕೊಡೋಕೆ ಅಂತ ಮತ್ತೆ ಓದ್ತಿದೀನಿ, ಓದ್ತಾ ಓದ್ತಾ ರಾಜರತ್ನಂ ಮೇಷ್ಟ್ರ ಮೇಲೇ ಒಂದು ತಕರಾರು ಶುರುವಾಗಿದೆ. ಆ ಕಸ್ತೂರಿ ಪಾಪ ಏನ್ ಮಾಡಿದ್ದ? ಕಾಸು ಕೊಟ್ಟು ತುತ್ತೂರಿ ತಗೊಂಡ, ಊದ್ಕೊಂಡು ಬೀದೀಲಿ ಹೋದ, ಜಂಬ ಪಟ್ಟ ನಿಜ, ಆದ್ರೆ ಹೊಸ ಆಟದ ಸಾಮಾನು ಸಿಕ್ಕಿದ್ರೆ ಯಾವ ಮಗು ತಾನೇ ಪಡಲ್ಲ ಹೇಳಿ. ಅಷ್ಟಕ್ಕೇ ಅದನ್ನ ಕೊಳಕ್ಕೆ ಬೀಳ್ಸಿ ಬಣ್ಣ ಎಲ್ಲಾ ತೊಳ್ದು ಹಾಕ್ಬೇಕಿತ್ತಾ? ಚಿಕ್ಕೋನಿದ್ದಾಗ ಹೀಗೆ ಅನ್ಸಿರ್ಲೇ ಇಲ್ಲ.

ಇನ್ನೊಂದು ವಿಷ್ಯ. ಈ ಕಡೆ ನಾಯಿಮರಿ, ಆ ಕಡೆ ‘ರತ್ನನ ಪದಗಳು’ ಪುಸ್ತಕದಲ್ಲಿ ಯೆಂಡ ಕುಡ್ಕೊಂಡು ಹಾಡೋ ರತ್ನ. ಎರಡನ್ನೂ ಒಬ್ರೇ ಬರ್ದಿದ್ದು ಅಂತ ಎಲ್ರಿಗೂ ಗೊತ್ತು, ಆದ್ರೆ ಓದುವಾಗ ನಿಮಗೆ ಅದು ಒಂದೇ ಕೈ ಅಂತ ಅನ್ಸುತ್ತಾ? ನಂಗಂತೂ ಇನ್ನೂ ಜೋಡಿಸೋಕೆ ಆಗ್ತಿಲ್ಲ.

ಕಡೇಬೆಂಚು:
ಅಕ್ಕನ ಮಗಳು ನಕ್ಕಳಾ ಇಲ್ವಾ ಅದು ಹೇಳಿ ಮೊದ್ಲು! ಮಕ್ಕಳಿಗೆ ಅಲ್ಲಿ ನೀತಿಗೀತಿ ಏನೂ ಕೇಳ್ಸಲ್ಲ, ಸರಿಗಮ ಹೋಗಿ ಗಗಗಗ ಆಯ್ತಲ್ಲ ಅಷ್ಟೇ ಕೇಳ್ಸೋದು. ನೀತಿ ಹುಡುಕೋದೆಲ್ಲ ನಮ್ಮಂಥ ವಯಸ್ಸಾದೋರ ಚಟ.

ಓದುಹುಳ:
ನಕ್ಕಳು ಸಾರ್, ಗಗಗಗ ಬಂದಾಗ್ಲೇ ನಕ್ಕಳು 😀

ಮಾತ್ರೆಗಣ:
ಒಂದೇ ಕೈ ಅನ್ನೋದ್ರಲ್ಲಿ ನಂಗೇನೂ ಅನುಮಾನ ಇಲ್ಲ, ಸ್ವಲ್ಪ ಉದ್ದ ಆಗುತ್ತೆ ಸಹಿಸ್ಕೊಳ್ಳಿ.

ನಾಯಿಮರಿ ಪದ್ಯನೇ ತಗೊಳ್ಳಿ. ಈಗ ಓದಿದ್ರೆ ಅದು ಪಕ್ಕಾ ಕೆಲಸದ ಇಂಟರ್‌ವ್ಯೂ! ತಿಂಡಿ ಬೇಕಾ, ಯಾಕೆ ಬೇಕು, ಕಳ್ಳ ಬಂದ್ರೆ ಏನ್ ಮಾಡ್ತೀಯ, ಎಲ್ಲ ವಿಚಾರಿಸಿ ಉತ್ತರ ಸರಿ ಬಂದ್ಮೇಲೇ ತಿಂಡಿ ತರ್ತೀನಿ ಅನ್ನೋದು. ಪೂರ್ತಿ ಪದ್ಯ ಇಬ್ಬರ ಮಾತಲ್ಲೇ ಮುಗಿಯುತ್ತೆ, ಮಧ್ಯದಲ್ಲಿ ಕವಿ ಬಾಯಿ ಹಾಕೋದೇ ಇಲ್ಲ. ಈಗ ರತ್ನನ ಕನ್ನಡದ ಪದ ನೆನಪು ಮಾಡ್ಕೊಳ್ಳಿ, ಅಲ್ಲೂ ಮಾತೇ. ದೇವರು ಬಂದು ಯೆಂಡ ಬಿಡು ಅಂತಾನೆ, ಆಯ್ತು ಅಂತಾನೆ ರತ್ನ. ಹೆಂಡ್ತಿ ಬಿಡು, ಅದಕ್ಕೂ ಆಯ್ತು (ಇಲ್ಲಿ ಪುಟ್ನಂಜಿ ಕಡೆಯಿಂದ ನಂದೊಂದು ಆಕ್ಷೇಪಣೆ ಇದೆ, ಇರ್ಲಿ). ಕನ್ನಡ ಬಿಡು ಅಂದ ತಕ್ಷಣ ದೇವರ ಮೇಲೇ ತಿರುಗಿ ಬೀಳ್ತಾನೆ. ಒಂದು ಮೆಟ್ಟಿಲು, ಇನ್ನೊಂದು ಮೆಟ್ಟಿಲು, ಮೂರನೇದಕ್ಕೆ ಏಟು. ಇದು ಮಕ್ಕಳ ಕತೆ ಕಟ್ಟೋ ರೀತಿ ಅಲ್ದೆ ಮತ್ತೇನು? ಸಣ್ಣ ಸಾಲು, ಹೆಸರಿರೋ ಒಬ್ಬ ಮನುಷ್ಯ, ನಾಲಿಗೆ ಮೇಲೆ ತಾನಾಗೇ ಕುಣಿಯೋ ತಾಳ, ಎಲ್ಲ ಅದೇ ಸಾಮಾನು. ಸ್ವತಃ ಕುಡೀದೇ ಇದ್ದ ಮೇಷ್ಟ್ರು 1930ರ ದಶಕದಲ್ಲಿ ಕುಡುಕನ ಬಾಯಲ್ಲಿ ಅಷ್ಟು ಸಲೀಸಾಗಿ ಮಾತಾಡಿದ್ರು ಅಂದ್ರೆ, ಮಗು ಬಾಯಲ್ಲಿ ಮಾತಾಡಿ ಅಭ್ಯಾಸ ಇತ್ತು ಅನ್ನೋದೇ ಕಾರಣ ಅಂತ ನಂಗನ್ಸುತ್ತೆ.

ಇನ್ನು ಕಸ್ತೂರಿ ತಕರಾರು. ತುತ್ತೂರಿ ಬೇರೆ ಯಾರ ಹತ್ರನೂ ಇಲ್ಲ ಅಂತ ಹೇಳ್ಕೊಂಡು ತಿರುಗ್ತಾನಲ್ಲ, ಆ ಜಾಗ ಇನ್ನೊಂದ್ಸಲ ನೋಡಿ, ಸಿಕ್ಕಿಹಾಕ್ಕೊಂಡಿದ್ದು ಅದಕ್ಕೇ, ಖುಷಿಪಟ್ಟಿದ್ದಕ್ಕಲ್ಲ. ಆಮೇಲೆ ರತ್ನನ್ ಪರ್ಪಂಚ ಪಕ್ಕದಲ್ಲಿಟ್ಟು ಓದಿ. ಅವನ ಆಸ್ತಿ ಏನಪ್ಪಾ ಅಂದ್ರೆ ಹೇಳ್ಕೊಳ್ಳೋಕೆ ಒಂದೂರು, ತಲೆ ಮೇಲೊಂದು ಸೂರು, ಪುಟ್ನಂಜಿ ನಗ್ತಾ ಕೊಡೋ ಗಂಜಿ. ಇವನೂ ತನ್ನತ್ರ ಇರೋದನ್ನ ಎಣಿಸಿ ಹಾಡ್ತಾನೆ, ಆದ್ರೆ ನಿನ್ನತ್ರ ಇಲ್ಲ ಅಂತ ಯಾರನ್ನೂ ಅಣಕಿಸಲ್ಲ. ಇವೆರಡನ್ನ ಜೊತೇಲಿ ಓದಿದ ಮೇಲೆ ನಂಗೆ ಕಸ್ತೂರಿ ಮೇಲೆ ಅಷ್ಟೇನೂ ಕನಿಕರ ಉಳೀಲಿಲ್ಲ.

ಓದುಹುಳ:
ಇಂಟರ್‌ವ್ಯೂ!! ಇನ್ಮೇಲೆ ಆ ಪದ್ಯ ನೆಟ್ಟಗೆ ಹೇಳೋಕಾಗಲ್ಲ. ಪರ್ಪಂಚದ ಮಾತು ಒಪ್ಕೋತೀನಿ, ಆದ್ರೆ ರತ್ನ ದೊಡ್ಡೋನು, ಕಸ್ತೂರಿ ಮಗು, ಇಬ್ಬರಿಗೂ ಒಂದೇ ತಕ್ಕಡಿ ಹಿಡಿಯೋದು ಸರೀನಾ?

ಮಂಜುಮುಸುಕು:
ಪಂಜೆ ಮಂಗೇಶರಾಯರನ್ನೂ ಈ ಪಟ್ಟಿಗೆ ಸೇರಿಸ್ಕೊಳ್ಳಿ. ಹಾವಿನ ಹಾಡು ಚಿಕ್ಕವಳಿದ್ದಾಗ ಬರೀ ಬಾ ಬಾ ಬಾ ಅಂತ ಕೂಗೋಕೆ ಇಷ್ಟ ಆಗ್ತಿತ್ತು. ಈಗ ಓದಿದ್ರೆ ನಗು ತಡ್ಯೋಕಾಗಲ್ಲ. ಮೊದ್ಲು ಕೈ ಮುಗ್ದು ಹಾಲು ಕೊಡ್ತೀನಿ ಬಾ ಅಂತ ಕರೀತಾನೆ, ಕೊಳಲು ಊದ್ತೀನಿ ಅಂತಾನೆ, ಆಮೇಲೆ ಮೆಲ್ಲಗೆ ನಿನ್ನ ತಲೇಲಿ ರತ್ನ ಇರೋದು ನಿಜಾನಾ, ಬಡವಂಗೆ ಒಂದು ಕೊಪ್ಪರಿಗೆ ಚಿನ್ನ ತಾ ಅಂತ ಬೇಡಿಕೆ ಇಡ್ತಾನೆ, ಕೊನೆಗೆ ಧೈರ್ಯ ಎಲ್ಲ ಇಳ್ದು ಪೋ ಪೋ ಪೋ! ಹಾವಿನ ಬಗ್ಗೆ ಅಂತ ಓದಿದ್ದ ಪದ್ಯ ನೋಡಿದ್ರೆ ಪೂರ್ತಿ ಮನುಷ್ಯನ ಬಗ್ಗೆ. ಆದ್ರೂ ಎಲ್ಲೂ ಉಪದೇಶ ಇಲ್ಲ, ಆ ವಿಷ್ಯದಲ್ಲಿ ನಂಗೆ ರಾಜರತ್ನಂಗಿಂತ ಪಂಜೆಯವರೇ ಒಂದು ಕೈ ಮೇಲು.

ಇನ್ನೊಂದು ಮಜಾ ಗಮನಿಸಿದೀರಾ? ಕೊಡಗಿನ ಮೇಲೆ ಜನ ಇವತ್ತಿಗೂ ಹಾಡೋ ಎರಡು ಹಾಡು ಬಂದಿದ್ದು ಈ ಇಬ್ಬರಿಂದ್ಲೇ, ಪಂಜೆಯವರ ಹುತ್ತರಿ ಹಾಡು, ರಾಜರತ್ನಂ ಅವರ ಮಡಿಕೇರಿ ಮಂಜು. ಆ ಮಂಜು ಕಂಡು ರಸ್ತೆಗೆ ಯಾರೋ ಬೆಳ್ಳಿ ಬಳ್ದಿದಾರೆ ಅಂತ ನೋಡೋಕೆ ಒಂದೋ ಕುಡುಕನಿಗಾಗ್ಬೇಕು ಇಲ್ಲಾ ಮಗುವಿಗಾಗ್ಬೇಕು. ಓದುಹುಳ ಅವರೇ, ನಿಮಗೆ ಒಂದೇ ಕೈ ಎಲ್ಲಿ ಕಾಣುತ್ತೆ ಅಂತ ಕೇಳಿದ್ರಲ್ಲ, ನಂಗೆ ಕಾಣೋದು ಅಲ್ಲೇ.

ಕಡೇಬೆಂಚು:
ಇಬ್ಬರೂ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ರು ಕೂಡ, ಪಂಜೆ 1934ರಲ್ಲಿ ರಾಯಚೂರಲ್ಲಿ, ರಾಜರತ್ನಂ 1978ರಲ್ಲಿ ದೆಹಲೀಲಿ. ಮಕ್ಕಳ ಪದ್ಯ ಬರೆಯೋರನ್ನ ಈಗ ಆ ಕುರ್ಚಿಗೆ ಕರೀತಾರಾ ಅನ್ನೋದು ಬೇರೇನೇ ಚರ್ಚೆ, ಅದು ಇಲ್ಲಿ ಬೇಡ.

ಓದುಹುಳ:
ಸರಿ, ಹಾಗಾದ್ರೆ ರತ್ನನ ಪದಗಳು ಪೂರ್ತಿ ಓದ್ಬೇಕು. ಹಾಡು ಕೇಳಿ ಆಮೇಲೆ ಓದೋದಾ, ಓದಿ ಆಮೇಲೆ ಕೇಳೋದಾ?

ಮಾತ್ರೆಗಣ:
ಮೊದ್ಲು ಓದಿ, ಅದೂ ಬಾಯಿಬಿಟ್ಟು ಜೋರಾಗಿ. ಸುಮ್ನೆ ಕಣ್ಣಲ್ಲಿ ಓದಿದ್ರೆ ರತ್ನನ ಅಕ್ಷರಗಳೇ ಅಡ್ಡ ಬರ್ತವೆ, ಬಾಯಿಗೆ ಹಾಕ್ಕೊಂಡ್ರೆ ಸರಾಗ ಆಗುತ್ತೆ. ಮೈಸೂರು ಅನಂತಸ್ವಾಮಿ ಅವರು ಹಾಡಿರೋದು ಒಂದ್ಸಲ ಕಿವಿಗೆ ಬಿತ್ತು ಅಂದ್ರೆ ಬೇರೆ ದಾಟಿ ನಾಲಿಗೆಗೆ ಬರೋದೇ ಇಲ್ಲ, ಅದಕ್ಕೇ ಅದು ಆಮೇಲೆ. ರಾಜರತ್ನಂ ಅವರು ಪಾಲಿಯಿಂದ ಕನ್ನಡಕ್ಕೆ ತಂದ ಬೌದ್ಧ ಸಾಹಿತ್ಯನೂ ಇದೆ, ಅದಕ್ಕೆ ಆತುರ ಬೇಡ. ಅಕ್ಕನ ಮಗಳ ಮುಂದೆ ಮಾತ್ರ ಯೆಂಡದ ಪದ ಜೋರಾಗಿ ಓದ್ಬೇಡಿ, ಆಮೇಲೆ ಅಕ್ಕನ ಹತ್ರ ಬೈಸ್ಕೊಳ್ಳೋದು ನೀವೇ.