ಮಣಿಪಾಲದಲ್ಲಿ ಬಾಡಿಗೆ ಮನೆ: ನೋಡುವ ಮೊದಲೇ ದುಡ್ಡು ಕೇಳ್ತಿದ್ದಾರೆ, ಹಾಕಬಹುದಾ?

ಹಾಸನದವರು:
ಮಗಳಿಗೆ ಮಣಿಪಾಲದಲ್ಲಿ ಸೀಟು ಸಿಕ್ಕಿದೆ. ಈಶ್ವರನಗರದಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟ್, ಬಾಡಿಗೆ 9,000 ಅಂತ ಫೇಸ್‌ಬುಕ್‌ನಲ್ಲಿ ಜಾಹೀರಾತು ಇದೆ. ಓನರ್ ಸೈನ್ಯದಲ್ಲಿದ್ದಾರಂತೆ, ಈಗ ಜಮ್ಮುವಿನಲ್ಲಿ ಡ್ಯೂಟಿಯಂತೆ. ಆಧಾರ್, ಐಡಿ ಕಾರ್ಡ್ ಎರಡನ್ನೂ ವಾಟ್ಸಾಪ್ ಮಾಡಿದ್ದಾರೆ. ಮನೆ ತೋರಿಸೋಕೆ ಗೇಟ್‌ಪಾಸ್ ಬೇಕು, 2,500 ಹಾಕಿ, ಬಾಡಿಗೆಯಲ್ಲಿ ಕಳೀತೀನಿ ಅಂತಾರೆ. ಸಂಜೆಯೊಳಗೆ ಹಾಕದಿದ್ದರೆ ಬೇರೆಯವರಿಗೆ ಕೊಡ್ತಾರಂತೆ. ಘಾಟಿ ಇಳಿದು ಬರೋಕೆ ಈ ವಾರ ಆಗ್ತಿಲ್ಲ. ಏನು ಮಾಡಲಿ?

ಪರ್ಕಳದಿಂದ:
ಹಾಕಬೇಡಿ ಸಾರ್, ಇದು ಮೋಸವೇ. ಮನೆ ನೋಡೋಕೆ ಗೇಟ್‌ಪಾಸ್ ಶುಲ್ಕ ಅಂತ ಎಲ್ಲೂ ಇಲ್ಲ. 2,500 ಹೋದ ಮೇಲೆ "ಸಿಸ್ಟಮ್‌ನಲ್ಲಿ ಎಂಟ್ರಿ ಆಗಿಲ್ಲ, ಇನ್ನೊಮ್ಮೆ ಹಾಕಿ, ಎರಡೂ ವಾಪಸ್ ಬರುತ್ತೆ" ಅಂತಾರೆ. ಆಮೇಲೆ ಡಿಪಾಸಿಟ್. ಕೊನೆಗೆ ವಾಪಸ್ ಕೊಡೋ ನೆಪದಲ್ಲಿ ಒಂದು ಕ್ಯೂಆರ್ ಕಳಿಸಿ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಅಂತಾರೆ. ದುಡ್ಡು ಬರೋದಕ್ಕೆ ಯುಪಿಐ ಪಿನ್ ಬೇಡ. ಪಿನ್ ಒತ್ತಿದರೆ ಹೋಗೋದು ನಿಮ್ಮ ಖಾತೆಯಿಂದಲೇ.

ಆ ಐಡಿ ಕಾರ್ಡ್ ನೋಡಿ ನಂಬಬೇಡಿ. ಇಂಥ ಕಾರ್ಡುಗಳು ಹಿಂದೆ ಮೋಸ ಹೋದವರಿಂದಲೇ ಇಸ್ಕೊಂಡದ್ದೂ ಆಗಿರಬಹುದು. ನಿಮ್ಮ ಆಧಾರ್ ಕಳಿಸಿದರೆ ನಾಳೆ ಅದೇ ಇನ್ನೊಬ್ಬ ತಂದೆಗೆ "ಓನರ್" ಆಗಿ ಹೋಗುತ್ತೆ. ಯಾರಿಗಾದರೂ ಕೊಡಲೇಬೇಕಾದರೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ. ಜಾಹೀರಾತಿನ ಫೋಟೋಗಳನ್ನು ಗೂಗಲ್ ಲೆನ್ಸ್‌ನಲ್ಲಿ ಹಾಕಿ ನೋಡಿ, ಅದೇ ಹಾಲ್ ಬೇರೆ ಊರಿನ ಹೆಸರಲ್ಲಿ ಕಂಡರೆ ಆಯ್ತಲ್ಲ.

ಮೀಟರ್ ಬೋರ್ಡ್:
ಮನೆ ನಿಜ, ಓನರ್ ಸುಳ್ಳು ಅನ್ನೋದೂ ಉಂಟು. ದಿನದ ಬಾಡಿಗೆಗೆ ಫ್ಲ್ಯಾಟ್ ಹಿಡಿದು, ಅದನ್ನೇ ನಾಲ್ಕು ಜನಕ್ಕೆ ತೋರಿಸಿ ಅಡ್ವಾನ್ಸ್ ತಗೊಂಡು ಹೋಗ್ತಾರೆ. ಹಾಗಾಗಿ ಬೀಗ ತೆಗೆದು ತೋರಿಸಿದರೂ ಸಾಲದು.

ಸುಲಭದ ದಾರಿ ಕರೆಂಟ್ ಬಿಲ್. ಮೆಸ್ಕಾಂ ಬಿಲ್‌ನಲ್ಲಿರುವ ಅಕೌಂಟ್ ಐಡಿ ಕೇಳಿ, ಯಾವುದಾದರೂ ಪೇಮೆಂಟ್ ಆ್ಯಪ್‌ನಲ್ಲಿ ಹಾಕಿ. ದುಡ್ಡು ಕಟ್ಟುವ ಮೊದಲೇ ಗ್ರಾಹಕರ ಹೆಸರು ಬರುತ್ತದೆ. ಬಿಲ್‌ನ ಆರ್‌ಆರ್ ನಂಬರನ್ನು (ಆ ಮನೆಯ ಕರೆಂಟ್ ಸಂಪರ್ಕದ ನಂಬರ್) ಮೀಟರ್ ಹತ್ತಿರ ಬರೆದಿದ್ದರ ಜೊತೆ ತಾಳೆ ಹಾಕಿ. ಹೆಸರು ಬೇರೆ ಬಂತು ಅಂತ ತಕ್ಷಣ ಮೋಸ ಅನ್ನಬೇಡಿ. ಎಷ್ಟೋ ಮೀಟರ್ ಇನ್ನೂ ಬಿಲ್ಡರ್ ಅಥವಾ ತೀರಿಕೊಂಡ ಅಪ್ಪನ ಹೆಸರಲ್ಲೇ ಇರುತ್ತವೆ. ಆಗ ಮನೆ ತೆರಿಗೆಯ ರಸೀದಿ ಕೇಳಿ: ಮಣಿಪಾಲಕ್ಕೆ ಉಡುಪಿ ನಗರಸಭೆಯದ್ದು, ಮಂಗಳೂರು ಹತ್ತಿರದ ಕೊಣಾಜೆ ಕಡೆಯಾದರೆ ಗ್ರಾಮ ಪಂಚಾಯತಿನದ್ದು. ರಸೀದಿಯ ಹೆಸರು, ಅಗ್ರಿಮೆಂಟಿನ ಹೆಸರು, ಯುಪಿಐನಲ್ಲಿ ಕಾಣುವ ಬ್ಯಾಂಕಿನ ಹೆಸರು, ಮೂರೂ ಒಂದೇ ಇರಬೇಕು. "ತಮ್ಮನ ನಂಬರಿಗೆ ಹಾಕಿ" ಅಂದರೆ ಅಲ್ಲಿಗೇ ನಿಲ್ಲಿಸಿ.

ವಾಚ್‌ಮ್ಯಾನ್ ಮತ್ತು ಪಕ್ಕದ ಮನೆಯವರಲ್ಲಿ "ಈ ಮನೆ ಯಾರದ್ದು?" ಅಂತ ಕೇಳಿ. ಕಾಗದಕ್ಕಿಂತ ಬೇಗ ಗೊತ್ತಾಗುವುದು ಅಲ್ಲಿ.

ದೇರಳಕಟ್ಟೆ ಕಡೆಯವ:
ಇನ್ನೊಂದು, ಕೋರ್ಸ್ ಮುಗಿಸಿ ಹೊರಡುವ ಹುಡುಗರು "ನನ್ನ ಡಿಪಾಸಿಟ್ ನನಗೆ ಕೊಟ್ಟು ನೀವು ಬನ್ನಿ" ಅಂತಾರೆ. ಅವರ ಡಿಪಾಸಿಟ್‌ನಲ್ಲಿ ಬಾಕಿ ಬಾಡಿಗೆ, ಕರೆಂಟ್ ಬಿಲ್ ಎಲ್ಲಾ ಕಳೆದು ಎಷ್ಟೋ ಸಲ ಏನೂ ಉಳಿದಿರುವುದಿಲ್ಲ. ಡಿಪಾಸಿಟ್ ಹೋಗಬೇಕಾದ್ದು ಓನರ್ ಖಾತೆಗೆ ಮಾತ್ರ, ಹೊರಡುವವರು ಓನರ್ ಹತ್ತಿರವೇ ತಗೊಳ್ಳಲಿ.

ಹಾಸನದವರು:
ತುಂಬಾ ಉಪಕಾರ. ದುಡ್ಡು ಹಾಕಿಲ್ಲ. ಮುಂದಿನ ಭಾನುವಾರ ನಾವೇ ಬರ್ತೇವೆ. ಹಾಕಿಬಿಟ್ಟಿದ್ದರೆ ಏನು ಮಾಡಬೇಕಿತ್ತು?

ಪರ್ಕಳದಿಂದ:
ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್. ಯುಪಿಐ ಪಾವತಿಯ 12 ಅಂಕಿಯ ಯುಟಿಆರ್ ನಂಬರ್ (ಆ ಪಾವತಿಯ ಗುರುತಿನ ನಂಬರ್) ಕೈಯಲ್ಲಿರಲಿ. ದುಡ್ಡು ಆ ಕಡೆಯ ಖಾತೆಯಲ್ಲೇ ಇದ್ದರೆ ತಡೆಹಿಡಿಯಬಹುದು, ಅಲ್ಲಿಂದ ದಾಟಿದರೆ ಕಷ್ಟ. ಅದಕ್ಕೇ ಗಂಟೆಗಳ ಲೆಕ್ಕ. ಬ್ಯಾಂಕಿಗೂ ತಿಳಿಸಿ. ಆ ನಂಬರನ್ನು ಬ್ಲಾಕ್ ಮಾಡುವ ಮೊದಲು ಚಾಟ್, ಜಾಹೀರಾತು ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಿ. ಫೇಸ್‌ಬುಕ್‌ನಲ್ಲಿ ಆ ಜಾಹೀರಾತನ್ನು ಈಗಲೇ ರಿಪೋರ್ಟ್ ಮಾಡಿ, ಇನ್ಯಾರೋ ಮಕ್ಕಳ ತಂದೆತಾಯಿ ಇದೇ ಸಂಜೆ ಹಾಕ್ತಿರಬಹುದು.

ಮೀಟರ್ ಬೋರ್ಡ್:
ಭಾನುವಾರ ಬಂದಾಗ ಕಪಾಟಿನ ಹಿಂದಿನ ಗೋಡೆಗೆ ಕೈ ಇಟ್ಟು ನೋಡಿ. ಹೊಸ ಬಣ್ಣದ ಕೆಳಗೆ ತಣ್ಣಗೆ, ಮೆತ್ತಗೆ ಇದ್ದರೆ ಜುಲೈಯಲ್ಲಿ ಬೂಷ್ಟು ಖಂಡಿತ. ಬೀಗದ ಕೈ ತಗೊಂಡ ದಿನವೇ ಗೋಡೆ, ನಲ್ಲಿ, ಮೀಟರ್ ರೀಡಿಂಗ್ ಎಲ್ಲದರ ವಿಡಿಯೋ ಮಾಡಿ ಓನರ್‌ಗೆ ವಾಟ್ಸಾಪ್ ಮಾಡಿ. ಮನೆ ಬಿಡುವಾಗ ಡಿಪಾಸಿಟ್ ಮುರಿಯುವ ಮಾತು ಬಂದರೆ ತೋರಿಸೋಕೆ ಅದೇ ಬೇಕಾಗುತ್ತದೆ.